ಒಂದು ಪಾಠ, ಐದು ಚೀಟಿ

ಬಿ.ಇಡಿ ಇಂಟರ್ನ್‌ಶಿಪ್‌ಗೆಂದು ನನಗೆ ಸಿಕ್ಕಿದ್ದು ಬೆಂಗಳೂರಿನ ಹೊರವಲಯದ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ಏಳನೇ ತರಗತಿಗೆ ಸಮಾಜ ವಿಜ್ಞಾನ ಕಲಿಸಬೇಕಿತ್ತು. ಮೊದಲ ದಿನ ಹಾಜರಿ ಪುಸ್ತಕ ಹಿಡಿದು ಹೆಸರು ಕೂಗುತ್ತಾ ಹೋದಾಗ ಅರ್ಧ ದೇಶವೇ ಆ ಕೋಣೆಯಲ್ಲಿ ಕುಳಿತಿದೆ ಅನ್ನಿಸಿತು. ಯಾದಗಿರಿ, ರಾಯಚೂರಿನಿಂದ ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳು, ಮನೆಯಲ್ಲಿ ತೆಲುಗು, ತಮಿಳು, ಉರ್ದು ಮಾತನಾಡುವವರು, ಬಿಹಾರದ ಒಬ್ಬ ಹುಡುಗಿ, ಅಲ್ಲೇ ಹುಟ್ಟಿ ಬೆಳೆದ ಸ್ಥಳೀಯರು. ಕೊನೆಯ ಬೆಂಚಿನಲ್ಲಿ ನೇಪಾಳದ ಒಬ್ಬ ಹುಡುಗ. ಅವನ ಅಪ್ಪ ಹತ್ತಿರದ ಅಪಾರ್ಟ್‌ಮೆಂಟ್‌ನಲ್ಲಿ ಸೆಕ್ಯುರಿಟಿ ಗಾರ್ಡ್. ಊರು ಬಿಟ್ಟು ಇಲ್ಲಿಗೆ ಬಂದು ಎರಡು ವರ್ಷವಾಗಿತ್ತು.

‘ವೈವಿಧ್ಯದಲ್ಲಿ ಏಕತೆ’ ಎಂದು ಎರಡು ಸೆಮಿಸ್ಟರ್ ಓದಿಕೊಂಡು ಬಂದಿದ್ದ ಉತ್ಸಾಹ ನನ್ನದು. ಎರಡನೇ ದಿನವೇ ಆ ಹುಡುಗನನ್ನು ಮುಂದೆ ಕರೆದೆ. ‘ನಿಮ್ಮ ಭಾಷೆಯಲ್ಲಿ ಏನಾದರೂ ಹೇಳು, ಎಲ್ಲರೂ ಕೇಳಿಸಿಕೊಳ್ಳಲಿ’ ಎಂದೆ. ಅವನು ಒಲ್ಲೆ ಎಂದು ತಲೆಯಾಡಿಸಿದ. ನಾನು ಬಿಡಲಿಲ್ಲ. ಕೊನೆಗೆ ನೆಲ ನೋಡುತ್ತಾ ಒಂದು ವಾಕ್ಯ ಹೇಳಿದ. ಅದು ‘ಛ’ ಎಂದು ಕೊನೆಯಾಯಿತು. ಮಧ್ಯದ ಬೆಂಚಿನಿಂದ ಒಬ್ಬ ‘ಛಾ... ಛಾ...’ ಎಂದು ರಾಗ ಎಳೆದ. ಇಡೀ ಕ್ಲಾಸ್ ಗೊಳ್ಳೆಂದಿತು. ಮಧ್ಯಾಹ್ನ ಬಿಸಿಯೂಟದ ಹೊತ್ತಿಗೆ ಅದೇ ಅವನ ಅಡ್ಡಹೆಸರಾಗಿತ್ತು.

ಮರುದಿನ ಅವನು ಶಾಲೆಗೆ ಬರಲಿಲ್ಲ. ಅದರ ಮರುದಿನವೂ ಇಲ್ಲ. ಮೂರನೇ ದಿನವೂ ಹಾಜರಿಯಲ್ಲಿ ಅವನ ಹೆಸರಿನ ಮುಂದೆ ‘ಗೈರು’ ಎಂದೇ ಬರೆದೆ. ‘ಅವನೆಲ್ಲಿ?’ ಎಂದು ಮಕ್ಕಳನ್ನು ಕೇಳಿದರೆ ಯಾರಿಗೂ ಗೊತ್ತಿರಲಿಲ್ಲ. ಯಾರೂ ವಿಚಾರಿಸಿಯೂ ಇರಲಿಲ್ಲ.

ನನಗೆ ಮಾರ್ಗದರ್ಶನ ಮಾಡುತ್ತಿದ್ದ ಹಿರಿಯ ಶಿಕ್ಷಕಿಗೆ ವಿಷಯ ತಿಳಿಸಿದೆ. ಅವರು ಬೈಯಲಿಲ್ಲ. ‘ನೀನು ಅವನನ್ನು ಪರಿಚಯ ಮಾಡಿಸಿಲ್ಲಮ್ಮ, ಪ್ರದರ್ಶನಕ್ಕೆ ಇಟ್ಟಿದ್ದೀಯ’ ಎಂದರು. ಬೈದಿದ್ದರೇ ವಾಸಿ ಇತ್ತು. ಸಂಜೆ ಇಬ್ಬರೂ ಆ ಅಪಾರ್ಟ್‌ಮೆಂಟ್ ಗೇಟಿನವರೆಗೆ ಹೋದೆವು. ಅವನ ಅಪ್ಪ ಕುರ್ಚಿ ಬಿಟ್ಟು ಎದ್ದು ನಿಂತರು. ಏನಾಯಿತು ಎಂದು ಕೇಳಲೂ ಇಲ್ಲ, ‘ಕಲ್ ಭೇಜ್ ದೂಂಗಾ ಮೇಡಂ’ ಎಂದಷ್ಟೇ ಹೇಳಿದರು. ಮರುದಿನ ಹುಡುಗ ಬಂದ. ಅದೇ ಕೊನೆಯ ಬೆಂಚಿನಲ್ಲಿ ಕುಳಿತ. ನನ್ನ ಮುಖ ನೋಡಲಿಲ್ಲ.

ಆಮೇಲೆ ಗಮನಿಸಿದರೆ ಅವನೊಬ್ಬನೇ ಅಲ್ಲ. ಯಾದಗಿರಿಯ ಒಬ್ಬ ಹುಡುಗಿ ಓದುವುದರಲ್ಲಿ ಚುರುಕು. ಆದರೆ ಕ್ಲಾಸಿನಲ್ಲಿ ಬಾಯಿ ಬಿಡುತ್ತಿರಲಿಲ್ಲ. ಬಿಟ್ಟರೆ ‘ಹೊಂಟೀನ್ರಿ’, ‘ಬರಂಗಿಲ್ರಿ’ ಎಂದು ಅಣಕಿಸುವವರು ತಯಾರಿದ್ದರು. ಅವಳು ಮಾತನಾಡುತ್ತಿದ್ದುದು ಕನ್ನಡವನ್ನೇ! ಕನ್ನಡ ಶಾಲೆಯಲ್ಲಿ, ಕನ್ನಡದ ಮಕ್ಕಳ ನಡುವೆ, ತನ್ನ ಕನ್ನಡಕ್ಕಾಗಿ ಅವಳು ಸುಮ್ಮನಿರಬೇಕಿತ್ತು.

ತಮಾಷೆ ಎಲ್ಲಿಗೆ ಮುಟ್ಟುತ್ತದೆ?

‘ಮಕ್ಕಳ ತಮಾಷೆ ಬಿಡಿ’ ಎನ್ನುವವರಿದ್ದಾರೆ. ನಾನೂ ಹಾಗೇ ಅಂದುಕೊಳ್ಳುತ್ತಿದ್ದೆನೇನೋ. ಆದರೆ ಇದೇ ನಗರದಲ್ಲಿ 2012ರ ಆಗಸ್ಟ್‌ನಲ್ಲಿ ಏನಾಯಿತು ಎಂಬುದು ನೆನಪಾಯಿತು. ಅಸ್ಸಾಂನ ಕೋಕ್ರಝಾರ್ ಭಾಗದಲ್ಲಿ ಜುಲೈನಲ್ಲಿ ಹಿಂಸಾಚಾರ ನಡೆದಿತ್ತು. ಅದರ ಬೆನ್ನಿಗೇ, ಬೆಂಗಳೂರಿನಲ್ಲಿರುವ ಈಶಾನ್ಯ ರಾಜ್ಯಗಳವರ ಮೇಲೆ ದಾಳಿ ನಡೆಯುತ್ತದೆ ಎಂಬ ವದಂತಿ ಎಸ್ಸೆಮ್ಮೆಸ್‌ಗಳಲ್ಲಿ ಹರಿದಾಡಿತು. ಸ್ವಾತಂತ್ರ್ಯ ದಿನಾಚರಣೆಯ ಹೊತ್ತಿಗೆ ಸಾವಿರಾರು ವಿದ್ಯಾರ್ಥಿಗಳು, ಸೆಕ್ಯುರಿಟಿ ಗಾರ್ಡ್‌ಗಳು, ಹೋಟೆಲ್ ಮತ್ತು ಬ್ಯೂಟಿ ಪಾರ್ಲರ್ ನೌಕರರು ಬ್ಯಾಗ್ ಹೆಗಲಿಗೇರಿಸಿ ರೈಲು ನಿಲ್ದಾಣಕ್ಕೆ ಓಡಿದರು. ಗುವಾಹಟಿಗೆ ವಿಶೇಷ ರೈಲುಗಳನ್ನು ಬಿಡಬೇಕಾಯಿತು. ವದಂತಿ ತಡೆಯಲು ಕೇಂದ್ರ ಸರ್ಕಾರ ಸಗಟು ಎಸ್ಸೆಮ್ಮೆಸ್‌ಗಳಿಗೆ 15 ದಿನ ನಿರ್ಬಂಧ ಹೇರಿತು.

ಸರ್ಕಾರ, ಪೊಲೀಸರು, ಊರಿನ ಎಷ್ಟೋ ಜನ ‘ಏನೂ ಆಗಲ್ಲ, ಹೋಗಬೇಡಿ’ ಎಂದು ಕೈಮುಗಿದು ಹೇಳಿದರು. ಆದರೂ ಜನ ಹೊರಟರು. ಒಂದು ಎಸ್ಸೆಮ್ಮೆಸ್‌ಗೆ ಇದ್ದ ಬಲ ಪಕ್ಕದ ಮನೆಯವರ ಮಾತಿಗೆ ಯಾಕಿರಲಿಲ್ಲ? ನನಗನ್ನಿಸುವುದಿಷ್ಟು: ವರ್ಷಗಟ್ಟಲೆ ಒಂದೇ ಬೀದಿಯಲ್ಲಿದ್ದರೂ, ‘ಹೆದರಬೇಡ, ನಮ್ಮನೆಗೆ ಬಾ’ ಎಂದರೆ ನಂಬುವಷ್ಟು ಪರಿಚಯದ ಒಬ್ಬರಾದರೂ ಅವರಲ್ಲಿ ಬಹಳ ಮಂದಿಗೆ ಇರಲಿಲ್ಲ.

2014ರ ಜನವರಿಯಲ್ಲಿ ದೆಹಲಿಯ ಲಜಪತ್ ನಗರದಲ್ಲಿ ಅರುಣಾಚಲ ಪ್ರದೇಶದ ವಿದ್ಯಾರ್ಥಿ ನಿಡೊ ತಾನಿಯಾನ ಕೂದಲಿನ ಬಗ್ಗೆ ಯಾರೋ ಗೇಲಿ ಮಾಡಿದರು. ಮಾತಿಗೆ ಮಾತು ಬೆಳೆದು ಹೊಡೆದಾಟವಾಯಿತು. ಮರುದಿನ ಅವನು ಬದುಕಿರಲಿಲ್ಲ. ಅನಂತರ ಕೇಂದ್ರ ಸರ್ಕಾರ ನೇಮಿಸಿದ ಬೆಜ್‌ಬರುವಾ ಸಮಿತಿಯ ಶಿಫಾರಸುಗಳಲ್ಲಿ ಕಾನೂನಿನ ಜೊತೆಗೆ ಶಿಕ್ಷಣದ ವಿಷಯವೂ ಇತ್ತು. ಈಶಾನ್ಯದ ಇತಿಹಾಸ, ಸಂಸ್ಕೃತಿ ದೇಶದ ಉಳಿದ ಮಕ್ಕಳ ಪಠ್ಯದಲ್ಲಿ ಬರಬೇಕು ಎಂದು ಸಮಿತಿ ಹೇಳಿತು. ಕೂದಲಿನ ಬಗ್ಗೆ ನಗುವುದಕ್ಕೂ ‘ಛ’ ಎಂದು ನಗುವುದಕ್ಕೂ ನಡುವಿನ ದೂರ ನಾವು ಅಂದುಕೊಂಡಷ್ಟು ಹೆಚ್ಚಿಲ್ಲ.

ಎಥ್ನಿಕ್ ಡೇ ಮುಗಿದ ಮರುದಿನ

ಹಾಗಾದರೆ ನಮ್ಮ ಶಾಲೆ-ಕಾಲೇಜುಗಳು ಏನೂ ಮಾಡುತ್ತಿಲ್ಲವೇ? ಮಾಡುತ್ತಿವೆ. ಪ್ರತಿದಿನ ಪ್ರಾರ್ಥನೆಯಲ್ಲಿ ನಾಡಗೀತೆ ಹಾಡುತ್ತೇವೆ. ಹಲವು ಮತಗಳವರನ್ನು ಹೆಸರಿಸಿ ಕರೆದು ಒಟ್ಟಿಗೆ ಕೂರಿಸುವ ಗೀತೆ ಅದು. ಹಾಡಿ ಹತ್ತು ನಿಮಿಷಕ್ಕೇ ಕ್ಲಾಸಿನಲ್ಲಿ ಅಡ್ಡಹೆಸರು ಕೂಗುತ್ತೇವೆ. ಭಾವೈಕ್ಯತೆ ಕುರಿತು ಪ್ರಬಂಧ ಸ್ಪರ್ಧೆ ನಡೆಯುತ್ತದೆ. ನಾನೂ ಒಮ್ಮೆ ಬಹುಮಾನ ಗೆದ್ದಿದ್ದೇನೆ.

ನಾನು ಡಿಗ್ರಿ ಓದಿದ ಕಾಲೇಜಿನಲ್ಲಿ ವರ್ಷಕ್ಕೊಮ್ಮೆ ಎಥ್ನಿಕ್ ಡೇ ಇರುತ್ತಿತ್ತು. ಹುಡುಗರು ಪಂಚೆ, ನಾವು ಇಳಕಲ್ ಸೀರೆ. ಕೊಡಗಿನವರು ಕೊಡವ ಉಡುಗೆಯಲ್ಲಿ ಬರುತ್ತಿದ್ದರು. ಅಸ್ಸಾಂನ ಗೆಳತಿಯರು ಮೇಖೇಲಾ ಚಾದರ್ ಉಟ್ಟು ಬಂದರೆ ಅವರ ಜೊತೆ ಸೆಲ್ಫಿಗೆ ಕ್ಯೂ. ಮರುದಿನ ಕ್ಯಾಂಟೀನಿನಲ್ಲಿ ಅದೇ ಹಳೇ ಮೇಜುಗಳು: ಮಲೆನಾಡಿನವರು ಒಂದು ಕಡೆ, ಉತ್ತರ ಕರ್ನಾಟಕದವರು ಇನ್ನೊಂದು ಕಡೆ, ಮಲಯಾಳಿಗಳು ಕಿಟಕಿ ಪಕ್ಕ, ಈಶಾನ್ಯದವರು ಮೂಲೆಯಲ್ಲಿ. ಮೂರು ವರ್ಷ ಒಂದೇ ಸೆಕ್ಷನ್‌ನಲ್ಲಿದ್ದ ನಾಗಾಲ್ಯಾಂಡ್‌ನ ಹುಡುಗಿಯ ಜೊತೆ ನಾನು ಆಡಿದ ಮಾತುಗಳನ್ನು ಲೆಕ್ಕ ಹಾಕಿದರೆ ‘ನೋಟ್ಸ್ ಇದೆಯಾ?’ ಎಂಬುದನ್ನು ಬಿಟ್ಟು ಹೆಚ್ಚೇನೂ ನೆನಪಾಗುವುದಿಲ್ಲ.

ಎಥ್ನಿಕ್ ಡೇ ತಪ್ಪೆಂದು ನಾನು ಹೇಳುತ್ತಿಲ್ಲ. ಆದರೆ ಅಲ್ಲಿ ನಾವು ಪರಸ್ಪರ ನೋಡಿಕೊಳ್ಳುತ್ತೇವೆ, ಅಷ್ಟೇ. ಯಾರಿಗೂ ಯಾರಿಂದಲೂ ಏನೂ ಆಗಬೇಕಿರುವುದಿಲ್ಲ. ನಾನು ಆ ನೇಪಾಳದ ಹುಡುಗನನ್ನು ಮುಂದೆ ನಿಲ್ಲಿಸಿದ್ದೂ ಒಂದು ಪುಟ್ಟ ಎಥ್ನಿಕ್ ಡೇ ಆಗಿತ್ತು.

ಆಸ್ಟಿನ್‌ನ ತರಗತಿಗಳು

ಈ ಗೊಂದಲದಲ್ಲಿದ್ದಾಗ ಬಿ.ಇಡಿ ಮನೋವಿಜ್ಞಾನದ ಟಿಪ್ಪಣಿಗಳಲ್ಲಿ ಒಂದು ಸಾಲಿನಲ್ಲಿ ಮುಗಿದುಹೋಗಿದ್ದ ವಿಷಯವೊಂದು ಕಣ್ಣಿಗೆ ಬಿತ್ತು: ‘ಜಿಗ್ಸಾ ವಿಧಾನ’. ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದೆ. ಅದರ ಹಿಂದಿನ ಕಥೆ ಓದಿದ್ದು ಆಗಲೇ.

ಬಿಳಿಯರಿಗೆ ಬೇರೆ, ಕಪ್ಪು ವರ್ಣೀಯರಿಗೆ ಬೇರೆ ಶಾಲೆ ಇರುವುದು ಸಂವಿಧಾನಕ್ಕೆ ವಿರುದ್ಧ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1954ರಲ್ಲಿ ತೀರ್ಪು ಕೊಟ್ಟಿತು. ಅದು ಜಾರಿಗೆ ಬರಲು ಹಲವೆಡೆ ವರ್ಷಗಳೇ ಹಿಡಿದವು. ಟೆಕ್ಸಾಸ್ ರಾಜ್ಯದ ಆಸ್ಟಿನ್ ನಗರದಲ್ಲಿ 1971ರಲ್ಲಿ ಬಿಳಿಯ, ಕಪ್ಪು ವರ್ಣೀಯ ಮತ್ತು ಮೆಕ್ಸಿಕನ್ ಮೂಲದ ಮಕ್ಕಳು ಮೊದಲ ಬಾರಿಗೆ ಒಂದೇ ಕ್ಲಾಸಿನಲ್ಲಿ ಕುಳಿತರು. ಒಟ್ಟಿಗೆ ಕೂತರೆ ಸ್ನೇಹ ತಾನಾಗಿ ಬೆಳೆಯುತ್ತದೆ ಎಂದು ಹಿರಿಯರು ಭಾವಿಸಿದ್ದರು. ಬೆಳೆದದ್ದು ಭಯ, ಅಪನಂಬಿಕೆ. ಕಾರಿಡಾರ್‌ಗಳಲ್ಲಿ ಹೊಡೆದಾಟ ಶುರುವಾಯಿತು. ದಾರಿ ಕಾಣದೆ ಶಾಲಾಡಳಿತ ಟೆಕ್ಸಾಸ್ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಎಲಿಯಟ್ ಆರನ್‌ಸನ್ ಅವರನ್ನು ಕರೆಯಿತು.

ಆರನ್‌ಸನ್ ಮತ್ತು ಅವರ ವಿದ್ಯಾರ್ಥಿಗಳು ಮೊದಲು ಮಾಡಿದ ಕೆಲಸ ಕ್ಲಾಸಿನಲ್ಲಿ ಸುಮ್ಮನೆ ಕೂತು ನೋಡುವುದು. ಕಂಡ ದೃಶ್ಯ ನಮಗೆಲ್ಲ ಚೆನ್ನಾಗಿ ಗೊತ್ತಿರುವುದೇ. ಶಿಕ್ಷಕಿ ಪ್ರಶ್ನೆ ಕೇಳುತ್ತಾರೆ. ಆರೇಳು ಮಕ್ಕಳು ‘ನಾನು, ನಾನು’ ಎಂದು ಕೈ ಎತ್ತುತ್ತಾರೆ. ಒಬ್ಬರಿಗೆ ಅವಕಾಶ ಸಿಕ್ಕರೆ ಉಳಿದವರ ಮುಖ ಸಪ್ಪಗಾಗುತ್ತದೆ. ಅವನು ತಪ್ಪು ಹೇಳಿದರೆ ಉಳಿದವರಿಗೆ ಖುಷಿ. ಕೈ ಎತ್ತದವರು ತಲೆ ತಗ್ಗಿಸಿ ಕೂತಿರುತ್ತಾರೆ. ಪಕ್ಕದವನ ಸೋಲೇ ನನ್ನ ಗೆಲುವು ಎಂಬ ವ್ಯವಸ್ಥೆಯಲ್ಲಿ, ಅದುವರೆಗೆ ಕಳಪೆ ಶಾಲೆಗಳಲ್ಲಿ ಓದಿ ಬಂದ ಮಕ್ಕಳನ್ನು ತಂದು ಕೂರಿಸಿದರೆ ಏನಾಗುತ್ತದೆ? ‘ಇವರು ದಡ್ಡರು’ ಎಂಬ ಹಳೆಯ ಅಭಿಪ್ರಾಯ ದಿನವೂ ಗಟ್ಟಿಯಾಗುತ್ತದೆ.

ಅವರು ಪಾಠವನ್ನಾಗಲೀ ಮಕ್ಕಳನ್ನಾಗಲೀ ಬದಲಿಸಲಿಲ್ಲ. ಕಲಿಯುವ ಕ್ರಮವನ್ನು ಬದಲಿಸಿದರು. ಆರು ಮಕ್ಕಳ ಗುಂಪು, ಪ್ರತಿ ಗುಂಪಿನಲ್ಲೂ ಎಲ್ಲ ಹಿನ್ನೆಲೆಯವರು. ಪಾಠವನ್ನು ಆರು ತುಂಡು ಮಾಡಿ ಒಬ್ಬೊಬ್ಬರಿಗೆ ಒಂದೊಂದು ತುಂಡು ಕೊಡುವುದು. ಪರೀಕ್ಷೆ ಮಾತ್ರ ಇಡೀ ಪಾಠದ ಮೇಲೆ. ಅಂದರೆ ಉಳಿದ ಐದು ತುಂಡು ತಿಳಿಯಬೇಕಾದರೆ ಗುಂಪಿನ ಐದೂ ಜನರ ಮಾತನ್ನು ಕೇಳಿಸಿಕೊಳ್ಳಲೇಬೇಕು. ಚಿತ್ರದ ತುಂಡುಗಳನ್ನು ಜೋಡಿಸುವ ಜಿಗ್ಸಾ ಆಟದ ಹಾಗೆ. ಅದಕ್ಕೇ ಆ ಹೆಸರು.

ಮೆಕ್ಸಿಕನ್ ಮೂಲದ ಒಬ್ಬ ಹುಡುಗನ ಪ್ರಸಂಗವನ್ನು ಆರನ್‌ಸನ್ ಬರೆದಿದ್ದಾರೆ. ಅವನಿಗೆ ಇಂಗ್ಲಿಷ್ ತಡವರಿಸುತ್ತಿತ್ತು. ತನ್ನ ತುಂಡನ್ನು ವಿವರಿಸಲು ಹೋಗಿ ತೊದಲಿದ. ಗುಂಪಿನವರು ಗೇಲಿ ಮಾಡಿದರು. ಅಲ್ಲಿದ್ದ ಸಂಶೋಧನಾ ಸಹಾಯಕಿ ನೀತಿಬೋಧೆ ಮಾಡಲಿಲ್ಲ. ಗೇಲಿ ಮಾಡಿದರೆ ನಿಮಗೆ ಮಜಾ ಬರಬಹುದು, ಆದರೆ ಪರೀಕ್ಷೆಗೆ ಅವನ ಭಾಗ ಗೊತ್ತಾಗುವುದಿಲ್ಲ ಎಂದು ನೆನಪಿಸಿದರು. ಕೆಲವು ದಿನಗಳಲ್ಲಿ ಆ ಮಕ್ಕಳು ಅವನಿಂದ ವಿಷಯ ತಿಳಿಯಲು ಸರಿಯಾದ ಪ್ರಶ್ನೆ ಕೇಳುವುದನ್ನು ಕಲಿತರು. ಅವನು ಮಾತನಾಡುವುದನ್ನು ಕಲಿತ. ಅವನು ದಡ್ಡನಲ್ಲ ಎಂಬುದು ಅವರಿಗೆ ತಿಳಿಯಿತು. ವಾರಗಳ ನಂತರ ಅಳೆದು ನೋಡಿದಾಗ, ಈ ರೀತಿ ಕಲಿತ ಮಕ್ಕಳಲ್ಲಿ ಪೂರ್ವಗ್ರಹ ಕಡಿಮೆಯಾಗಿತ್ತು, ಆತ್ಮವಿಶ್ವಾಸ ಹೆಚ್ಚಿತ್ತು, ಗೈರುಹಾಜರಿಯೂ ಇಳಿದಿತ್ತು.

‘ಗೈರುಹಾಜರಿ’ ಎಂಬ ಪದದಲ್ಲಿ ನನ್ನ ಕಣ್ಣು ನಿಂತಿತು.

ಸಂತೆಯಾದ ಕ್ಲಾಸು

ಆಗ ನಾನು ಕಲಿಸಬೇಕಿದ್ದದ್ದು ವಿಜಯನಗರ ಸಾಮ್ರಾಜ್ಯ. ಐದು ಚೀಟಿ ಬರೆದೆ. ಮೊದಲನೆಯದು 1336ರ ಸ್ಥಾಪನೆ ಮತ್ತು ನಾಲ್ಕು ರಾಜವಂಶಗಳು. ಎರಡನೆಯದು ಕೃಷ್ಣದೇವರಾಯ. ಮೂರನೆಯದು ಕೆರೆ-ಕಾಲುವೆ. ನಾಲ್ಕನೆಯದು ಅಬ್ದುಲ್ ರಜಾಕ್, ಪಾಯಸ್, ನೂನಿಜ್ ಮುಂತಾದ ಪ್ರವಾಸಿಗರು ಕಂಡ ಹಂಪಿ. ಐದನೆಯದು 1565ರ ಯುದ್ಧ. 35 ಮಕ್ಕಳು, ಏಳು ಗುಂಪು.

ಮೊದಲ ದಿನ ಪೂರ್ತಿ ಸೋಲು. ಗುಂಪು ಮಾಡಿಕೊಳ್ಳಿ ಎಂದೆ, ಗೆಳೆಯರು ಗೆಳೆಯರನ್ನೇ ಸೇರಿಕೊಂಡರು. ಒಂದು ಗುಂಪಿನಲ್ಲಿ ಚುರುಕು ಹುಡುಗನೊಬ್ಬ ಎಲ್ಲರ ಚೀಟಿ ಕಿತ್ತುಕೊಂಡು ತಾನೇ ಓದಿಬಿಟ್ಟ. ಓದಲು ಬಾರದ ಇಬ್ಬರು ಚೀಟಿಯಲ್ಲಿ ವಿಮಾನ ಮಾಡಿದರು. ಗಲಾಟೆ ಕೇಳಿ ಪಕ್ಕದ ಕ್ಲಾಸಿನ ಮೇಷ್ಟ್ರು ಬಂದು ‘ಏನಮ್ಮಾ, ಸಂತೆ ನಡೆಸ್ತಿದ್ದೀಯಾ?’ ಎಂದರು. 40 ನಿಮಿಷದ ಪೀರಿಯಡ್‌ನಲ್ಲಿ ವಿಜಯನಗರ ಸ್ಥಾಪನೆಯೂ ಆಗಲಿಲ್ಲ.

ಹಿರಿಯ ಶಿಕ್ಷಕಿ ನಕ್ಕರು. ‘ಈ ಮಕ್ಕಳು ಒಂದರಿಂದ ಮೂರನೇ ಕ್ಲಾಸಿನವರೆಗೆ ನಲಿ-ಕಲಿಯಲ್ಲಿ ದುಂಡಗೆ ಕೂತೇ ಕಲಿತವರು. ನಾವೇ ನಾಲ್ಕನೇ ಕ್ಲಾಸಿಗೆ ಬಂದಾಗ ಸಾಲಾಗಿ ಕೂರಿಸಿ ಮರೆಸಿದ್ದೇವೆ. ಸ್ವಲ್ಪ ದಿನ ಕೊಡು’ ಎಂದರು. ನಿಜವೇ. ಮಕ್ಕಳು ಗುಂಪಿನಲ್ಲಿ ಒಬ್ಬರಿಂದೊಬ್ಬರು ಕಲಿಯುವ ನಲಿ-ಕಲಿ 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ ಶುರುವಾದದ್ದು. ಇದರ ಬೀಜ ನಮ್ಮ ಸರ್ಕಾರಿ ಶಾಲೆಗಳಲ್ಲೇ ಇತ್ತು.

ಮುಂದಿನ ವಾರ ಮೂರು ಬದಲಾವಣೆ ಮಾಡಿದೆ. ಗುಂಪನ್ನು ನಾನೇ ಮಾಡಿದೆ. ಭಾಷೆ, ಊರು, ಓದಿನ ಮಟ್ಟ ಎಲ್ಲ ಬೆರೆಯುವಂತೆ. ಗುಂಪಿಗೆ ಮರಳುವ ಮೊದಲು ಒಂದೇ ಚೀಟಿ ಸಿಕ್ಕವರೆಲ್ಲ ಒಟ್ಟಿಗೆ ಕೂತು ಓದಿ ಚರ್ಚಿಸಬೇಕು. ಇದರಿಂದ ಓದಲು ಕಷ್ಟಪಡುವವರಿಗೂ ಹೇಳಲು ಏನಾದರೂ ಸಿಗುತ್ತದೆ. ಇದೂ ಆರನ್‌ಸನ್ ಅವರ ವಿಧಾನದಲ್ಲೇ ಇದ್ದದ್ದು, ಅವಸರದಲ್ಲಿ ನಾನು ಬಿಟ್ಟಿದ್ದೆ. ಮೂರನೆಯದಾಗಿ, ಮರುದಿನ ಹತ್ತು ಅಂಕದ ಕಿರುಪರೀಕ್ಷೆ. ಒಬ್ಬೊಬ್ಬರೇ ಬರೆಯಬೇಕು.

ಲಾಟರಿ ಎತ್ತಿದಾಗ ನೇಪಾಳದ ಹುಡುಗನಿಗೆ ಬಂದದ್ದು ಕೆರೆ-ಕಾಲುವೆ. ಅವನ ಗುಂಪಿನಲ್ಲಿ ಯಾದಗಿರಿಯ ಹುಡುಗಿ ಇದ್ದಳು. ‘ಛಾ... ಛಾ...’ ಎಂದಿದ್ದ ಹುಡುಗನೂ ಇದ್ದ. ನಾನೇ ಹಾಕಿದ್ದೆ. ಎದೆ ಡವಗುಟ್ಟುತ್ತಿತ್ತು.

ಅವನ ಸರದಿ ಬಂತು. ಎರಡು ವಾಕ್ಯ ಹೇಳಿ ನಿಂತ. ಅಣಕಿಸಿದ್ದ ಹುಡುಗ ‘ಸರಿಯಾಗಿ ಹೇಳೋ, ಏನೂ ಅರ್ಥ ಆಗ್ತಿಲ್ಲ’ ಎಂದು ರೇಗಿದ. ನಾನು ಪಕ್ಕಕ್ಕೆ ಹೋಗಿ ‘ನಾಳೆ ಟೆಸ್ಟಿನಲ್ಲಿ ಕಾಲುವೆ ಮೇಲೆ ಎರಡು ಪ್ರಶ್ನೆ ಇದೆ. ನಿಮ್ಮ ಗುಂಪಿನಲ್ಲಿ ಅದನ್ನು ಓದಿರೋದು ಅವನೊಬ್ಬನೇ’ ಎಂದಷ್ಟೇ ಹೇಳಿ ಮುಂದೆ ಹೋದೆ. ಸ್ವಲ್ಪ ಹೊತ್ತಿಗೆ ತಿರುಗಿ ನೋಡಿದರೆ ಐದೂ ತಲೆಗಳು ಒಂದು ಹಾಳೆಯ ಮೇಲೆ ಬಾಗಿದ್ದವು. ಮಾತು ಬಾರದಾಗ ಅವನು ಚಿತ್ರ ಬರೆಯಲು ಶುರುಮಾಡಿದ್ದ. ಹೊಳೆ, ಅಡ್ಡಕಟ್ಟೆ, ಕಾಲುವೆ, ಗದ್ದೆ. ತಮ್ಮೂರಿನ ಗುಡ್ಡದಲ್ಲೂ ಹೀಗೇ ನೀರು ತರುತ್ತಾರೆ, ಅದಕ್ಕೆ ‘ಕುಲೊ’ ಅನ್ನುತ್ತಾರೆ ಎಂದ. ನೀರು ಬಿಡುವ ಬಾಗಿಲಿಗೆ ಕನ್ನಡದಲ್ಲಿ ಏನೆನ್ನಬೇಕೋ ತಿಳಿಯದೆ ಕೈಸನ್ನೆ ಮಾಡಿದ. ‘ಅದಕ್ಕ ತೂಬು ಅಂತಾರ. ನಮ್ಮೂರಾಗ ಕೆನಾಲಿಗೆ ಗೇಟ್ ಇರ್ತದ ನೋಡು, ಹಂಗ’ ಎಂದಳು ಯಾದಗಿರಿಯ ಹುಡುಗಿ. ಯಾರೂ ಅಣಕಿಸಲಿಲ್ಲ. ‘ತೂಬು’ ಎಂದು ಬರೆದುಕೊಂಡರು. ಹಂಪಿ ಸುತ್ತಮುತ್ತ ಆ ಕಾಲದ ಕೆಲವು ಕಾಲುವೆಗಳಲ್ಲಿ ಈಗಲೂ ನೀರು ಹರಿದು ಗದ್ದೆ, ಬಾಳೆತೋಟಗಳಿಗೆ ಹೋಗುತ್ತದೆ ಎಂಬ ಚೀಟಿಯ ಕೊನೆಯ ಸಾಲನ್ನು ಅವನು ಓದಿದಾಗ ‘ಈಗ್ಲೂನಾ?’ ಎಂದು ಕೇಳಿದ್ದು ಆ ರೇಗಿದ ಹುಡುಗನೇ.

ಇನ್ನೊಂದು ಗುಂಪಿನಲ್ಲಿ ಕೃಷ್ಣದೇವರಾಯ ‘ಆಮುಕ್ತಮಾಲ್ಯದ’ವನ್ನು ತೆಲುಗಿನಲ್ಲಿ ಬರೆದ ಎಂದು ಓದಿದ ಹುಡುಗಿ ‘ನಮ್ಮನೆ ಭಾಷೆ!’ ಎಂದು ಕೂಗಿದಳು. ಯಾರೂ ಅವಳನ್ನು ಎದ್ದು ನಿಂತು ಹೇಳು ಎಂದಿರಲಿಲ್ಲ. ತಮ್ಮ ತಮ್ಮ ಊರು, ಭಾಷೆ ಪಾಠದ ನಡುವೆ ತಾವಾಗಿಯೇ ಬಂದಾಗ ಯಾರಿಗೂ ಮುಜುಗರವಾಗಲಿಲ್ಲ.

ಬೆರೆಸಿದರೆ ಸಾಲದು

ಇದು ಯಾಕೆ ಕೆಲಸ ಮಾಡಿತು ಎಂದು ಹುಡುಕಿದರೆ ಉತ್ತರ ಇನ್ನೂ ಹಿಂದಿನದು. ಹಾರ್ವರ್ಡ್‌ನ ಮನೋವಿಜ್ಞಾನಿ ಗಾರ್ಡನ್ ಆಲ್‌ಪೋರ್ಟ್ 1954ರಲ್ಲೇ ಹೇಳಿದ್ದರು: ಬೇರೆ ಬೇರೆ ಗುಂಪಿನ ಜನ ಒಂದೆಡೆ ಸೇರಿದ ಮಾತ್ರಕ್ಕೆ ಪೂರ್ವಗ್ರಹ ಹೋಗುವುದಿಲ್ಲ. ಅದಕ್ಕೆ ನಾಲ್ಕು ವಿಷಯ ಕೂಡಿಬರಬೇಕು. ಆ ಸಂದರ್ಭದಲ್ಲಿ ಎಲ್ಲರ ಸ್ಥಾನ ಸಮಾನವಾಗಿರಬೇಕು. ಎಲ್ಲರಿಗೂ ಒಂದೇ ಗುರಿ ಇರಬೇಕು. ಅದನ್ನು ಮುಟ್ಟಲು ಪೈಪೋಟಿಯ ಬದಲು ಸಹಕಾರ ಬೇಕು. ಮೇಲಿನವರ, ಅಂದರೆ ಶಿಕ್ಷಕರ, ಆಡಳಿತದ ಬೆಂಬಲ ಇರಬೇಕು. ಪೆಟ್ಟಿಗ್ರೂ ಮತ್ತು ಟ್ರಾಪ್ ಎಂಬ ಸಂಶೋಧಕರು 2006ರಲ್ಲಿ 515 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದಾಗಲೂ, ಜನರ ನಡುವಿನ ಒಡನಾಟ ಸಾಮಾನ್ಯವಾಗಿ ಪೂರ್ವಗ್ರಹವನ್ನು ಕಡಿಮೆ ಮಾಡುತ್ತದೆ, ಈ ನಾಲ್ಕು ಅಂಶ ಇದ್ದಲ್ಲಿ ಇನ್ನೂ ಹೆಚ್ಚು ಎಂಬುದು ಕಂಡುಬಂತು.

ನಮ್ಮ ದೇಶದಲ್ಲೇ ಇದಕ್ಕೊಂದು ಒಳ್ಳೆಯ ಉದಾಹರಣೆ ಇದೆ. ಜವಾಹರ ನವೋದಯ ವಿದ್ಯಾಲಯಗಳಲ್ಲಿ ಒಂಬತ್ತನೇ ತರಗತಿಯ ಶೇ 30ರಷ್ಟು ಮಕ್ಕಳು ಒಂದು ವರ್ಷದ ಮಟ್ಟಿಗೆ ಬೇರೆ ಭಾಷೆಯ ರಾಜ್ಯದ ನವೋದಯಕ್ಕೆ ಹೋಗಿ ಓದುವ ಯೋಜನೆ ಇದೆ. ಹಿಂದಿ ಪ್ರದೇಶದವರು ಇತ್ತ, ಹಿಂದಿಯೇತರ ಪ್ರದೇಶದವರು ಅತ್ತ. ನನ್ನ ಬಿ.ಇಡಿ ಸಹಪಾಠಿಯೊಬ್ಬಳು ಹೀಗೆ ಮಧ್ಯಪ್ರದೇಶಕ್ಕೆ ಹೋಗಿ ಬಂದವಳು. ಮೊದಲ ತಿಂಗಳು ರೊಟ್ಟಿ ನೋಡಿದರೆ ಅಳು ಬರುತ್ತಿತ್ತಂತೆ. ವರ್ಷದ ಕೊನೆಗೆ ಅಲ್ಲಿಂದ ಬರುವಾಗ ಅತ್ತಳಂತೆ. ಅಲ್ಲಿ ಯಾರೂ ಅತಿಥಿಯಲ್ಲ. ಒಂದೇ ಡಾರ್ಮಿಟರಿ, ಒಂದೇ ಮೆಸ್, ಒಂದೇ ಪರೀಕ್ಷೆ. ಒಂದು ದಿನದ ಉಡುಗೆ ಪ್ರದರ್ಶನಕ್ಕೂ ಒಂದು ವರ್ಷದ ಸಹಬಾಳ್ವೆಗೂ ಇರುವ ವ್ಯತ್ಯಾಸ ಅದು.

ಹಾಗೆಂದು ಜಿಗ್ಸಾ ಮಾಂತ್ರಿಕದಂಡವೇನಲ್ಲ. ಬೇರೆ ಬೇರೆ ದೇಶಗಳಲ್ಲಿ ಮಾಡಿದ ಪ್ರಯೋಗಗಳಲ್ಲಿ ಅಂಕಗಳ ಮೇಲೆ ಅದರ ಪರಿಣಾಮ ಎಲ್ಲ ಕಡೆ ಒಂದೇ ತೆರನಾಗಿಲ್ಲ. ನನ್ನ ಕ್ಲಾಸಿನಲ್ಲೂ ಇಬ್ಬರು ಕೊನೆಯವರೆಗೆ ಗುಂಪಿನಲ್ಲಿ ಬಾಯಿ ಬಿಡಲಿಲ್ಲ. ಪಾಠ ನಿಧಾನವಾಗುತ್ತದೆ. ವಾರಕ್ಕೆ ಒಂದು ಬಾರಿಗಿಂತ ಹೆಚ್ಚು ಮಾಡಲು ನನಗೆ ಆಗಲಿಲ್ಲ. ಅಡ್ಡಹೆಸರೂ ಪೂರ್ತಿ ಮಾಯವಾಗಲಿಲ್ಲ, ಆಟದ ಮೈದಾನದಲ್ಲಿ ಆಗಾಗ ಕೇಳುತ್ತಿತ್ತು. ಆದರೆ ಅವನು ತಲೆ ತಗ್ಗಿಸುವುದನ್ನು ಬಿಟ್ಟು ತಿರುಗಿ ಬೈಯಲು ಕಲಿತಿದ್ದ. ಅದೂ ಅಚ್ಚ ಬೆಂಗಳೂರು ಕನ್ನಡದಲ್ಲಿ!

‘ನಾವೇ ಯಾಕೆ ಸಹಿಸಿಕೊಳ್ಳಬೇಕು?’

ಈ ವಿಷಯ ಗೆಳೆಯರ ಜೊತೆ ಹಂಚಿಕೊಂಡಾಗ ಒಬ್ಬ ನೇರವಾಗಿ ಕೇಳಿದ: ‘ಎಲ್ಲಿಂದಲೋ ಬಂದವರನ್ನು ನಾವೇ ಯಾಕೆ ಸಹಿಸಿಕೊಳ್ಳಬೇಕು? ಹತ್ತು ವರ್ಷ ಇಲ್ಲಿದ್ದರೂ ಒಂದು ಮಾತು ಕನ್ನಡ ಕಲಿಯಲ್ಲ ಅವರು.’ ಈ ಸಿಟ್ಟು ಸುಳ್ಳಲ್ಲ. ಬೆಂಗಳೂರಿನಲ್ಲಿ ಕೆಲಸ ಹುಡುಕುತ್ತಿರುವ ನಮ್ಮ ವಯಸ್ಸಿನ ಬಹಳಷ್ಟು ಮಂದಿಗೆ ಇದರ ಬಿಸಿ ತಟ್ಟಿದೆ. ಅಂಗಡಿಯಲ್ಲಿ, ಬ್ಯಾಂಕಿನಲ್ಲಿ ನಮ್ಮ ಭಾಷೆಗೆ ಉತ್ತರ ಸಿಗದಾಗ ನನಗೂ ಕೋಪ ಬರುತ್ತದೆ.

ಆದರೆ ‘ಸಹಿಷ್ಣುತೆ’ ಎಂದರೆ ಹಲ್ಲು ಕಚ್ಚಿ ಸಹಿಸಿಕೊಳ್ಳುವುದು ಎಂದು ತಿಳಿದಿರುವುದರಿಂದಲೇ ಈ ಪ್ರಶ್ನೆ ಹುಟ್ಟುತ್ತದೆ. ಆಲ್‌ಪೋರ್ಟ್ ಹೇಳಿದ ಸಮಾನ ಸ್ಥಾನ ಎರಡೂ ಕಡೆಗೆ ಅನ್ವಯಿಸುತ್ತದೆ. ಬಂದವರು ಈ ನೆಲದ ಭಾಷೆ ಕಲಿಯಬೇಕು, ಅದರಲ್ಲಿ ರಾಜಿ ಇಲ್ಲ. ಕಲಿಯುವಂತೆ ಮಾಡುವುದು ಹೇಗೆ ಎಂಬುದಷ್ಟೇ ಪ್ರಶ್ನೆ. ನನ್ನ ಕ್ಲಾಸಿನ ನೇಪಾಳದ ಹುಡುಗ ಎರಡು ವರ್ಷ ಅಣಕಿಸಿಕೊಂಡಾಗ ಕಲಿತ ಕನ್ನಡಕ್ಕಿಂತ, ಎರಡು ತಿಂಗಳು ಗುಂಪಿನಲ್ಲಿ ಪಾಠ ವಿವರಿಸುವಾಗ ಕಲಿತ ಕನ್ನಡ ಹೆಚ್ಚು. ‘ತೂಬು’ ಎಂಬ ಪದ ಅವನಿಗೆ ಬೇಕಾಗಿತ್ತು, ಯಾಕೆಂದರೆ ಕೇಳಿಸಿಕೊಳ್ಳಲು ನಾಲ್ಕು ಜನ ಕಾದು ಕೂತಿದ್ದರು. ಕನ್ನಡ ಕಲಿತರೆ ತನ್ನ ಮಾತಿಗೆ ಇಲ್ಲಿ ಬೆಲೆಯಿದೆ ಎಂದು ಅನ್ನಿಸಿದಾಗ ಯಾರಾದರೂ ಕಲಿಯುತ್ತಾರೆ. ಇನ್ನು ಕನ್ನಡ ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿದ್ದ ಯಾದಗಿರಿಯ ಹುಡುಗಿಗೆ ನಾವು ಏನು ಉತ್ತರ ಹೇಳುತ್ತೇವೆ?

ಶಿಕ್ಷಕರಾಗದವರಿಗೂ ಕೆಲಸವಿದೆ

ಇದನ್ನು ಓದುತ್ತಿರುವ ಎಲ್ಲರೂ ಶಿಕ್ಷಕರಾಗುವುದಿಲ್ಲ. ಆದರೆ ಹೆಚ್ಚಿನವರು ಹಾಸ್ಟೆಲ್‌ನಲ್ಲೋ ಪಿಜಿಯಲ್ಲೋ ಇದ್ದೀರಿ, ನಾಳೆ ಯಾವುದೋ ಆಫೀಸಿನ ಟೀಮಿನಲ್ಲಿ ಇರುತ್ತೀರಿ. ಕಾಲೇಜಿನಲ್ಲಿ ಪ್ರಾಜೆಕ್ಟ್‌ಗೆ ಗುಂಪು ಮಾಡುವಾಗ ಒಮ್ಮೆಯಾದರೂ ನಮ್ಮೂರಿನ ಗ್ಯಾಂಗ್ ಬಿಟ್ಟು ಬೇರೆಯವರ ಜೊತೆ ಸೇರಿ. ಕೆಲಸ ಹಂಚುವಾಗ ಅವರಿಗೆ ಪ್ರಿಂಟ್‌ಔಟ್ ತರುವ ಕೆಲಸ ಕೊಟ್ಟು ಕೈತೊಳೆದುಕೊಳ್ಳಬೇಡಿ. ಅವರಿಲ್ಲದೆ ಪ್ರಾಜೆಕ್ಟ್ ಮುಗಿಯದಂತಹ ಒಂದು ಭಾಗ ಕೊಡಿ. ಹೆಸರನ್ನು ಸರಿಯಾಗಿ ಹೇಳಲು ಕಲಿಯಿರಿ, ಬಾರದಿದ್ದರೆ ಇನ್ನೊಮ್ಮೆ ಕೇಳಿ. ‘ನೀವು ಅದನ್ನೆಲ್ಲ ತಿಂತೀರಂತೆ ಹೌದಾ?’ ಎಂಬಂತಹ ಪ್ರಶ್ನೆಯಿಂದ ಮಾತು ಶುರುಮಾಡಬೇಡಿ.

ಕಂಪನಿಗಳ ಗ್ರೂಪ್ ಡಿಸ್ಕಷನ್‌ನಲ್ಲಿ ಜೋರಾಗಿ ಮಾತನಾಡುವುದನ್ನು ನಾವೆಲ್ಲ ಅಭ್ಯಾಸ ಮಾಡುತ್ತೇವೆ. ಸುಮ್ಮನೆ ಕೂತಿರುವ ಒಬ್ಬರಿಗೆ ‘ನಿಮಗೇನನ್ನಿಸುತ್ತದೆ?’ ಎಂದು ಕೇಳುವುದನ್ನೂ ಅಭ್ಯಾಸ ಮಾಡಬಹುದು. ಬೇರೆ ಬೇರೆ ಊರಿನವರ ಜೊತೆ ಸೇರಿ ಕೆಲಸ ಮಾಡಬೇಕಾದ ಜಾಗದಲ್ಲಿ ಅದೂ ಒಂದು ಕೌಶಲವೇ. ನಾನಂತೂ ಡಿಗ್ರಿಯ ಹಳೇ ವಾಟ್ಸ್‌ಆ್ಯಪ್ ಗ್ರೂಪ್‌ನಲ್ಲಿ ಆ ನಾಗಾಲ್ಯಾಂಡ್‌ನ ಹುಡುಗಿಯ ನಂಬರ್ ಹುಡುಕಿ ಮೆಸೇಜ್ ಮಾಡಿದೆ. ನೋಟ್ಸ್ ಕೇಳಲಿಲ್ಲ.

ಇಂಟರ್ನ್‌ಶಿಪ್‌ನ ಕೊನೆಯ ವಾರ ನೇಪಾಳದ ಹುಡುಗ ಮತ್ತೆ ಒಂದು ದಿನ ಗೈರಾದ. ಹಾಜರಿ ಮುಗಿಯುವ ಮೊದಲೇ, ಅವನನ್ನು ಅಣಕಿಸಿದ್ದ ಅದೇ ಹುಡುಗ ಎದ್ದು ನಿಂತ. ‘ಮಿಸ್, ಅವನು ಬಂದಿಲ್ಲ. ನಮ್ಮ ಗುಂಪಿಗೆ ಒಂದು ಚೀಟಿ ಕಮ್ಮಿ ಆಗುತ್ತೆ’ ಎಂದ. ಮಧ್ಯಾಹ್ನ ಊಟದ ಬಿಡುವಿನಲ್ಲಿ ಯಾದಗಿರಿಯ ಹುಡುಗಿಯನ್ನೂ ಕರೆದುಕೊಂಡು ಅಪಾರ್ಟ್‌ಮೆಂಟ್ ಗೇಟಿಗೆ ಓಡಿ ವಿಚಾರಿಸಿಕೊಂಡು ಬಂದ. ‘ಜ್ವರ ಅಂತೆ ಮಿಸ್. ಶುಕ್ರವಾರ ಬರ್ತಾನೆ. ಟೆಸ್ಟನ್ನು ಶನಿವಾರ ಇಡ್ತೀರಾ?’

ಅವನಿಗೆ ಬೇಕಿದ್ದದ್ದು ಅಂಕ ಎಂದು ನನಗೆ ಗೊತ್ತಿತ್ತು. ಇರಲಿ. ಅವನು ಎಲ್ಲಿ ಎಂದು ಕೇಳುವವರು ಇಬ್ಬರಾದರೂ ಈಗ ಆ ಕ್ಲಾಸಿನಲ್ಲಿ ಇದ್ದರು. ಟೆಸ್ಟನ್ನು ಶನಿವಾರಕ್ಕೇ ಇಟ್ಟೆ.